ಓದಿ ಕಲಿಯುವ ಬೈಕ್ ಸವಾರಿ: ಶಿಕಾರಿಪುರ-ಸೊರಬದ ರಸ್ತೆಗಳಲ್ಲಿ ಪುಸ್ತಕ ಮತ್ತು ಆತ್ಮಾವಲೋಕನದ ಪಾಠ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಮತ್ತು ಬಯಲುಸೀಮೆ ಸಂಧಿಸುವ ನೆಲ. ಒಂದು ಕಡೆ ಮೆಕ್ಕೆಜೋಳದ ಹೊಲ, ಭತ್ತದ ಗದ್ದೆ. ಇನ್ನೊಂದು ಕಡೆ ಅಡಿಕೆ ತೋಟ, ಶುಂಠಿ ಮತ್ತು ಅನಾನಸಿನ ಬೆಳೆ. ಇವುಗಳ ನಡುವೆ ನೂರಾರು ಕೆರೆಗಳು. ಶಿಕಾರಿಪುರದಿಂದ ಶಿರಾಳಕೊಪ್ಪ, ಅಲ್ಲಿಂದ ಸೊರಬ, ಆನವಟ್ಟಿ, ಚಂದ್ರಗುತ್ತಿಗಳ ಕಡೆಗೆ ಕವಲೊಡೆಯುವ ರಸ್ತೆಗಳು ಕೆಲವೆಡೆ ನೇರವಾಗಿ, ಕೆಲವೆಡೆ ಕೆರೆ ಏರಿಯ ಮೇಲೆ, ಕೆಲವೆಡೆ ತೋಟಗಳ ನೆರಳಿನಲ್ಲಿ ಸುತ್ತಿ ಸಾಗುತ್ತವೆ.

ಈ ರಸ್ತೆಗಳಲ್ಲಿ ಬೈಕ್ ಎಂಬುದು ಮೋಜಿನ ವಾಹನವಲ್ಲ. ಡೈರಿಗೆ ಹಾಲು, ತೋಟಕ್ಕೆ ಗೊಬ್ಬರ, ಶಾಲೆಗೆ ಮಕ್ಕಳು, ಆಸ್ಪತ್ರೆಗೆ ವೃದ್ಧರು ಎಲ್ಲವೂ ಅದರ ಮೇಲೆಯೇ ಸಾಗಬೇಕು. ಬೈಕ್ ಕೆಟ್ಟರೆ ಮನೆಯ ಅಂದಿನ ಕೆಲಸ ನಿಲ್ಲುತ್ತದೆ. ಸವಾರನೇ ಬಿದ್ದರೆ ಇಡೀ ಕುಟುಂಬದ ವರ್ಷವೇ ಕುಸಿಯುತ್ತದೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಮೃತಪಟ್ಟವರು 1,68,491 ಮಂದಿ. ಇವರಲ್ಲಿ ಶೇ. 44.5ರಷ್ಟು ಜನ ದ್ವಿಚಕ್ರ ವಾಹನಗಳಲ್ಲಿ ಸಾಗುತ್ತಿದ್ದವರು. ಅಂದರೆ ಹತ್ತಿರ ಹತ್ತಿರ 75 ಸಾವಿರ ಜೀವಗಳು. ಇಷ್ಟೊಂದು ಸಾವುಗಳಿಗೆ ರಸ್ತೆಯ ಹೊಂಡ, ಎದುರಿನ ವಾಹನ, ದುರದೃಷ್ಟಗಳನ್ನು ಮಾತ್ರ ಹೊಣೆ ಮಾಡಿದರೆ ಸವಾರನ ಕೈಯಲ್ಲಿರುವ ಒಂದು ಉಪಾಯ ಮರೆತುಹೋಗುತ್ತದೆ. ಅದು ಕಲಿಕೆ. ಈ ಕಲಿಕೆಗೆ ಜಗತ್ತಿನ ಅನೇಕ ದೇಶಗಳಲ್ಲಿ ಪುಸ್ತಕಗಳು ದಶಕಗಳಿಂದ ನೆರವಾಗುತ್ತಿವೆ. ನಮ್ಮಲ್ಲಿ ಈ ಮಾರ್ಗ ಇನ್ನೂ ಅಪರಿಚಿತ.

ಕಲಿಸಿದವರು ಯಾರು?

ಹೆಚ್ಚಿನವರು ಬೈಕ್ ಕಲಿಯುವ ಬಗೆ ಒಂದೇ. ಅಪ್ಪ, ಅಣ್ಣ, ಚಿಕ್ಕಪ್ಪ ಅಥವಾ ಗೆಳೆಯ ಹಿಂದೆ ಕುಳಿತು ಕ್ಲಚ್, ಗೇರು, ಬ್ರೇಕುಗಳನ್ನು ತೋರಿಸುತ್ತಾರೆ. ಊರ ಹೊರಗಿನ ಮೈದಾನದಲ್ಲಿ ನಾಲ್ಕು ಸುತ್ತು ಹೊಡೆದರೆ ಪಾಠ ಮುಗಿಯಿತು. ಪರವಾನಗಿ ಪರೀಕ್ಷೆಗೆಂದು ಎಂಟರ ಆಕಾರದಲ್ಲಿ ತಿರುಗಿಸುವುದನ್ನು ಅಭ್ಯಾಸ ಮಾಡಲಾಗುತ್ತದೆ. ಮುಂದಿನದೆಲ್ಲ ರಸ್ತೆಯೇ ಕಲಿಸಬೇಕು. ರಸ್ತೆ ಕಲಿಸುವ ಪಾಠಕ್ಕೆ ಶುಲ್ಕ ಮಾತ್ರ ದುಬಾರಿ.

ಇದು ಭಾರತಕ್ಕೆ ಸೀಮಿತವಾದ ದೋಷವಲ್ಲ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಅವರ ತಂಡ ಲಾಸ್ ಏಂಜಲೀಸ್ ಪ್ರದೇಶದ 900ಕ್ಕೂ ಹೆಚ್ಚು ಬೈಕ್ ಅಪಘಾತಗಳನ್ನು ಸ್ಥಳಕ್ಕೇ ತೆರಳಿ ಪರಿಶೀಲಿಸಿ 1981ರಲ್ಲಿ ವರದಿ ಪ್ರಕಟಿಸಿತು. ‘ಹರ್ಟ್ ವರದಿ’ ಎಂದೇ ಪ್ರಸಿದ್ಧವಾದ ಈ ಅಧ್ಯಯನದಲ್ಲಿ ಅಪಘಾತಕ್ಕೀಡಾದ ಸವಾರರ ಪೈಕಿ ಶೇ. 92ರಷ್ಟು ಜನ ತಾವಾಗಿಯೇ, ಇಲ್ಲವೇ ಮನೆಯವರಿಂದ ಮತ್ತು ಗೆಳೆಯರಿಂದ ಕಲಿತವರೆಂದು ಕಂಡುಬಂತು. ಅಪಾಯ ಎದುರಾದಾಗ ಅವರಿಗೆ ದೊರೆತ ಕಾಲಾವಕಾಶ ಎರಡು ಸೆಕೆಂಡಿಗೂ ಕಡಿಮೆ. ಆ ಅವಧಿಯಲ್ಲಿ ಬಹಳಷ್ಟು ಜನ ಮಾಡಿದ ತಪ್ಪು ಒಂದೇ ಬಗೆಯದು: ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಚಕ್ರವನ್ನು ಜಾರಿಸಿದರು, ಮುಂದಿನ ಬ್ರೇಕನ್ನು ಸಾಕಷ್ಟು ಬಳಸಲಿಲ್ಲ. ಅಡ್ಡಿಯನ್ನು ತಪ್ಪಿಸಿ ಬೈಕನ್ನು ಪಕ್ಕಕ್ಕೆ ಹೊರಳಿಸುವ ಸಾಮರ್ಥ್ಯವಂತೂ ಇಲ್ಲವೆನ್ನುವಷ್ಟು ಕಡಿಮೆ ಇತ್ತು.

ನಾಲ್ಕು ದಶಕಗಳ ಹಿಂದೆ, ಬೇರೆ ದೇಶದಲ್ಲಿ ಕಂಡ ಈ ಸಂಗತಿ ಇಲ್ಲಿಯ ಸವಾರರಿಗೂ ಪರಿಚಿತವೇ. ‘ಮುಂದಿನ ಬ್ರೇಕ್ ಹಿಡಿದರೆ ಪಲ್ಟಿಯಾಗುತ್ತದೆ, ಮುಟ್ಟಬೇಡ’ ಎಂಬ ಬುದ್ಧಿವಾದ ತಂದೆಯಿಂದ ಮಗನಿಗೆ ಇಂದಿಗೂ ಹರಿದುಬರುತ್ತಿದೆ. ಮನೆಯ ಪಾಠದಲ್ಲಿ ಪ್ರೀತಿ ಇರುತ್ತದೆ, ಆದರೆ ಕಲಿಸಿದವರ ತಪ್ಪೂ ಅದರ ಜೊತೆಗೆ ಇಳಿದುಬರುತ್ತದೆ. ಪುಸ್ತಕದ ಅಗತ್ಯ ಹುಟ್ಟುವುದು ಇಲ್ಲಿಯೇ.

ಓದಬಹುದಾದ ಗ್ರಂಥಗಳು

ಬೈಕ್ ಸವಾರಿಯನ್ನು ಕುರಿತ ಮುಖ್ಯ ಪುಸ್ತಕಗಳು ಇಂಗ್ಲಿಷಿನಲ್ಲಿವೆ. ಅವುಗಳಲ್ಲಿ ಹೆಚ್ಚು ಉಪಯುಕ್ತವಾದವು ಕೆಲವು.

ಮೊದಲನೆಯದು ಅಮೆರಿಕದ ಡೇವಿಡ್ ಹಫ್ ಬರೆದ ‘ಪ್ರೊಫಿಷಿಯೆಂಟ್ ಮೋಟಾರ್‌ಸೈಕ್ಲಿಂಗ್’. ಪತ್ರಿಕಾ ಲೇಖನಗಳಿಂದ ಬೆಳೆದ ಈ ಗ್ರಂಥ 2000ದಲ್ಲಿ ಹೊರಬಂತು. ಅಡ್ಡಬರುವ ನಾಯಿ, ಒದ್ದೆ ಎಲೆ, ರಸ್ತೆಯ ಅಂಚಿನ ಜಲ್ಲಿ, ಕೂಡುರಸ್ತೆ ಮುಂತಾದ ದಿನನಿತ್ಯದ ಅಪಾಯಗಳನ್ನು ಒಂದೊಂದಾಗಿ ಬಿಡಿಸಿ ಹೇಳುವುದು ಅದರ ಗುಣ. ಹೊಸಬರು ಇದರಿಂದ ಆರಂಭಿಸುವುದು ಲೇಸು.

ಎರಡನೆಯದು ಬ್ರಿಟನ್ನಿನ ‘ಮೋಟಾರ್‌ಸೈಕಲ್ ರೋಡ್‌ಕ್ರಾಫ್ಟ್’. ಇದು ಅಲ್ಲಿಯ ಪೊಲೀಸ್ ಸವಾರರ ಕೈಪಿಡಿ. ರಸ್ತೆಯಿಂದ ಮಾಹಿತಿ ಪಡೆಯುವುದು, ಸರಿಯಾದ ಸ್ಥಾನ ಹಿಡಿಯುವುದು, ವೇಗ ನಿರ್ಧರಿಸುವುದು, ಗೇರು ಆರಿಸುವುದು, ಬಳಿಕವೇ ಆಕ್ಸಿಲರೇಟರ್ ತಿರುಗಿಸುವುದು ಎಂಬ ಐದು ಹಂತಗಳ ಕ್ರಮವನ್ನು ಇದು ಬೋಧಿಸುತ್ತದೆ. ಬ್ರಿಟನ್ನಿನಲ್ಲಿಯೂ ಭಾರತದಂತೆ ವಾಹನಗಳು ಎಡಬದಿಯಲ್ಲಿ ಸಾಗುವುದರಿಂದ ಇದರ ಚಿತ್ರಗಳನ್ನು ತಿರುವುಮುರುವು ಮಾಡಿ ಓದುವ ಕಷ್ಟವಿಲ್ಲ.

ಮೂರನೆಯದು ಕೀತ್ ಕೋಡ್ ಅವರ ‘ಎ ಟ್ವಿಸ್ಟ್ ಆಫ್ ದಿ ರಿಸ್ಟ್’. ಮೊದಲ ಸಂಪುಟ 1983ರಲ್ಲಿ, ಎರಡನೆಯದು 1993ರಲ್ಲಿ ಪ್ರಕಟವಾದವು. ಲೇಖಕರು ರೇಸ್ ಸವಾರರ ಗುರು. ಆದರೂ ಅವರ ಎರಡು ವಿಚಾರಗಳು ಸಾಮಾನ್ಯ ಸವಾರರಿಗೂ ಅಮೂಲ್ಯ. ಒಂದು, ಗಮನವೆಂಬುದು ಜೇಬಿನಲ್ಲಿರುವ ಹತ್ತು ಡಾಲರಿನ ನೋಟಿನಂತೆ ಮಿತವಾದದ್ದು. ಒಂದು ವಿಷಯಕ್ಕೆ ಹೆಚ್ಚು ಖರ್ಚಾದರೆ ಉಳಿದವಕ್ಕೆ ಕಡಿಮೆಯಾಗುತ್ತದೆ. ಇನ್ನೊಂದು, ಭಯವಾದಾಗ ದೇಹ ತಾನಾಗಿ ಮಾಡುವ ಕೆಲಸಗಳು ಬೈಕಿನ ಮೇಲೆ ಬಹುಪಾಲು ತಪ್ಪು ಕೆಲಸಗಳೇ ಆಗಿರುತ್ತವೆ. ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಡುವುದು, ಹ್ಯಾಂಡಲನ್ನು ಬಿಗಿಯಾಗಿ ಅಪ್ಪುವುದು, ಹೊಂಡವನ್ನೇ ದಿಟ್ಟಿಸಿ ಹೊಂಡಕ್ಕೇ ಹೋಗುವುದು ಈ ಬಗೆಯವು.

ನಾಲ್ಕನೆಯದು ಸವಾರಿಯ ತಂತ್ರವನ್ನು ಕಲಿಸುವ ಪುಸ್ತಕವಲ್ಲ. ರಾಬರ್ಟ್ ಪಿರ್ಸಿಗ್ ಅವರ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ 1974ರಲ್ಲಿ ಪ್ರಕಟವಾದ ತಾತ್ವಿಕ ಕೃತಿ. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಓದಿದ್ದ ಲೇಖಕರು ಮಗನೊಡನೆ ಕೈಗೊಂಡ ದೀರ್ಘ ಬೈಕ್ ಪಯಣವನ್ನು ಆಧಾರವಾಗಿಟ್ಟುಕೊಂಡಿದ್ದಾರೆ. ಯಂತ್ರವನ್ನು ದುರಸ್ತಿ ಮಾಡುವವನ ಅಹಂಕಾರ, ಆತಂಕ, ಬೇಸರ, ಅವಸರಗಳು ಕೆಲಸವನ್ನು ಹೇಗೆ ಕೆಡಿಸುತ್ತವೆ ಎಂದು ವಿವರಿಸುವ ಭಾಗ ಸವಾರನಿಗೂ ಅಕ್ಷರಶಃ ಹೊಂದುತ್ತದೆ.

ಓದಿಗೂ ಸವಾರಿಗೂ ನಂಟಿಲ್ಲ ಎನ್ನುವವರು ಡಕಾರ್ ರ‍್ಯಾಲಿಯನ್ನು ನೆನೆಯಬಹುದು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಈ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರೆನಿಸಿದರು. ಆಗ ಆ ಸ್ಪರ್ಧೆಯಲ್ಲಿ ದಾರಿಯನ್ನು ತಿಳಿಸುತ್ತಿದ್ದುದು ಕಾಗದದ ‘ರೋಡ್‌ಬುಕ್’. ಆ ಕಾಲದಲ್ಲಿ ಸವಾರರು ಹಿಂದಿನ ರಾತ್ರಿಯೇ ಕುಳಿತು ಅದನ್ನು ಓದಿ, ಅಪಾಯದ ಸ್ಥಳಗಳಿಗೆ ಬಣ್ಣ ಹಚ್ಚಿ ಗುರುತು ಮಾಡಿಕೊಳ್ಳುತ್ತಿದ್ದರು. ಸವಾರಿಯ ಅತಿ ಕಠಿಣ ಪರೀಕ್ಷೆಗೂ ಓದಿನ ಸಿದ್ಧತೆ ಬೇಕಾಗಿತ್ತು.

ಓದುವಾಗ ತಿದ್ದಿಕೊಳ್ಳಬೇಕಾದ ಸಂಗತಿಗಳು

ವಿದೇಶಿ ಪುಸ್ತಕವನ್ನು ಹಾಗೆಯೇ ತಂದು ಶಿರಾಳಕೊಪ್ಪದ ವೃತ್ತದಲ್ಲಿ ಅನ್ವಯಿಸಿದರೆ ಎಡವಟ್ಟಾದೀತು. ಅಮೆರಿಕದಲ್ಲಿ ವಾಹನಗಳು ಬಲಬದಿಯಲ್ಲಿ ಸಾಗುತ್ತವೆ. ಅಲ್ಲಿಯ ಪುಸ್ತಕ ‘ಎಡಕ್ಕೆ ತಿರುಗುವ ಕಾರನ್ನು ಗಮನಿಸಿ’ ಎಂದರೆ ಇಲ್ಲಿಯ ಸವಾರ ಅದನ್ನು ‘ಎದುರಿನಿಂದ ಬಂದು ಬಲಕ್ಕೆ ತಿರುಗುವ ವಾಹನ’ ಎಂದು ಓದಿಕೊಳ್ಳಬೇಕು. ಎಡ, ಬಲ ಎಂಬ ಪದಗಳು ಬಂದಲ್ಲೆಲ್ಲ ಪೆನ್ಸಿಲಿನಿಂದ ತಿದ್ದಿಕೊಂಡು ಓದುವುದು ಒಳ್ಳೆಯ ಅಭ್ಯಾಸ.

ಎರಡನೆಯ ವ್ಯತ್ಯಾಸ ವಾಹನದ್ದು. ಆ ಗ್ರಂಥಗಳು ದೊಡ್ಡ ಇಂಜಿನ್, ಅಗಲ ಟೈರ್, ಡಿಸ್ಕ್ ಬ್ರೇಕುಗಳಿರುವ ಬೈಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡಿವೆ. ತಾಲ್ಲೂಕಿನ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವುದು 100ರಿಂದ 125 ಸಿಸಿಯ ಹಗುರ ಬೈಕುಗಳು. ಇವುಗಳಲ್ಲಿ ಅನೇಕಕ್ಕೆ ಮುಂದೆಯೂ ಡ್ರಮ್ ಬ್ರೇಕೇ ಇರುತ್ತದೆ. 2019ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಸಣ್ಣವಕ್ಕೆ ಎರಡೂ ಚಕ್ರಗಳಿಗೆ ಬ್ರೇಕನ್ನು ಹಂಚುವ ಸಿಬಿಎಸ್ ಇದ್ದರೂ ಸಾಕೆಂದಾಯಿತು. ಅದಕ್ಕೂ ಹಿಂದಿನ ಬೈಕುಗಳಲ್ಲಿ ಬಹುತೇಕ ಇವೆರಡೂ ಇಲ್ಲ. ತನ್ನ ಬೈಕಿನಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಅರಿಯದ ಸವಾರನಿಗೆ ಬ್ರೇಕಿನ ಅಧ್ಯಾಯ ಅರ್ಧವಷ್ಟೇ ಅರ್ಥವಾಗುತ್ತದೆ.

ಮೂರನೆಯದು ಹೊರೆ. ಹಿಂದೆ ಹೆಂಡತಿ, ಮುಂದೆ ಮಗು, ಪಕ್ಕದಲ್ಲಿ ಚೀಲ ಎಂಬ ಚಿತ್ರ ವಿದೇಶಿ ಪುಸ್ತಕಗಳಲ್ಲಿ ಇಲ್ಲ. ಹಾಲಿನ ಕ್ಯಾನು ತೂಗುಹಾಕಿದ ಬೈಕು ಕ್ಯಾನಿನೊಳಗಿನ ಹಾಲು ತುಳುಕಿದಂತೆಲ್ಲ ಓಲಾಡುತ್ತದೆ. ಹಿಂದೆ ಗೊಬ್ಬರದ ಚೀಲವಿದ್ದರೆ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ಸಡಿಲವೆನಿಸುತ್ತದೆ. ಇಂಥ ಹೊರೆಗೆ ತಕ್ಕಂತೆ ಬ್ರೇಕನ್ನು ಬೇಗ ಆರಂಭಿಸುವುದು, ತಿರುವಿಗೆ ಮುನ್ನವೇ ವೇಗ ಇಳಿಸುವುದು ಸವಾರ ತಾನೇ ಕಂಡುಕೊಳ್ಳಬೇಕಾದ ಅಧ್ಯಾಯ.

ನೋಟದ ಪಾಠ

ಎಲ್ಲ ಗ್ರಂಥಗಳೂ ಒಪ್ಪುವ ಮೊದಲ ಸೂತ್ರ ಕಣ್ಣಿಗೆ ಸಂಬಂಧಿಸಿದ್ದು. ಸವಾರ ಮುಂದಿನ ಚಕ್ರದ ಬುಡವನ್ನು ನೋಡಬಾರದು, ಹೋಗಬೇಕಾದ ದಾರಿಯನ್ನು ನೋಡಬೇಕು. ಬೈಕು ದೃಷ್ಟಿಯನ್ನು ಹಿಂಬಾಲಿಸುತ್ತದೆ.

ಬ್ರಿಟನ್ನಿನ ಕೈಪಿಡಿ ಇದಕ್ಕೆ ಒಂದು ಅಳತೆಗೋಲನ್ನೂ ಕೊಡುತ್ತದೆ. ತಿರುವಿನಲ್ಲಿ ರಸ್ತೆಯ ಎಡ ಅಂಚು ಮತ್ತು ಬಲ ಅಂಚು ದೂರದಲ್ಲಿ ಕೂಡಿದಂತೆ ಕಾಣುವ ಒಂದು ಬಿಂದುವಿರುತ್ತದೆ. ಅದರ ಆಚೆಗೆ ರಸ್ತೆ ಕಾಣದು. ಸವಾರ ಮುಂದೆ ಹೋದಂತೆ ಆ ಬಿಂದುವೂ ದೂರ ಸರಿಯುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ ಎಂದರ್ಥ. ಬಿಂದು ನಿಂತಲ್ಲೇ ನಿಂತು ಹತ್ತಿರವಾಗುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ವೇಗ ಇಳಿಸಬೇಕು. ಎಷ್ಟು ದೂರ ಕಾಣುತ್ತದೆಯೋ ಅಷ್ಟರೊಳಗೆ ನಿಲ್ಲಿಸಲು ಸಾಧ್ಯವಾಗುವಷ್ಟು ಮಾತ್ರ ವೇಗವಿರಬೇಕು ಎಂಬುದು ಇದರ ತಾತ್ಪರ್ಯ.

ಸೊರಬದ ಕಡೆಯ ತೋಟದ ದಾರಿಗಳಲ್ಲಿ ಈ ಬಿಂದು ಬಹಳ ಹತ್ತಿರವಿರುತ್ತದೆ. ಅಡಿಕೆ ಮರಗಳು, ಬೇಲಿಯ ಪೊದೆಗಳು ತಿರುವಿನ ಒಳಬದಿಯನ್ನು ಮುಚ್ಚಿರುತ್ತವೆ. ಕೆರೆ ಏರಿಯ ಮೇಲಿನ ರಸ್ತೆಯದು ಇನ್ನೊಂದು ಬಗೆಯ ಮೋಸ. ಏರಿ ನೇರವಾಗಿದ್ದು ದೂರದವರೆಗೆ ಕಾಣುವುದರಿಂದ ವೇಗ ತಾನಾಗಿ ಏರುತ್ತದೆ. ಆದರೆ ಏರಿ ಮುಗಿಯುವಲ್ಲಿ ಅಥವಾ ಕೋಡಿಯ ಬಳಿ ರಸ್ತೆ ಫಕ್ಕನೆ ಹೊರಳಬಹುದು. ಒಂದು ಬದಿ ನೀರು, ಇನ್ನೊಂದು ಬದಿ ಗದ್ದೆಯ ಇಳಿಜಾರು. ತಪ್ಪಿದರೆ ಇಳಿಯಲು ಮಣ್ಣಿನ ಅಂಚೂ ಇಲ್ಲ.

ನಿಲ್ಲಲು ಬೇಕಾದ ದೂರ

ಪುಸ್ತಕ ಓದಿದವರಿಗೂ ಓದದವರಿಗೂ ಇರುವ ದೊಡ್ಡ ವ್ಯತ್ಯಾಸ ಲೆಕ್ಕದಲ್ಲಿದೆ. ಒಣ ಡಾಂಬರು, ಒಳ್ಳೆಯ ಟೈರ್, ಎರಡೂ ಬ್ರೇಕುಗಳ ಸಮರ್ಥ ಬಳಕೆ, ಒಂದು ಸೆಕೆಂಡಿನಲ್ಲಿ ಪ್ರತಿಕ್ರಿಯೆ ಎಂದಿಟ್ಟುಕೊಂಡರೆ ನಿಲ್ಲಲು ಬೇಕಾಗುವ ಒಟ್ಟು ದೂರ ಸರಿಸುಮಾರು ಹೀಗಿರುತ್ತದೆ:

ಗಂಟೆಗೆ 40 ಕಿ.ಮೀ. ವೇಗದಲ್ಲಿ: ಪ್ರತಿಕ್ರಿಯೆಗೆ 11 ಮೀಟರ್, ಬ್ರೇಕಿಗೆ 10 ಮೀಟರ್, ಒಟ್ಟು 21 ಮೀಟರ್.

ಗಂಟೆಗೆ 60 ಕಿ.ಮೀ. ವೇಗದಲ್ಲಿ: ಪ್ರತಿಕ್ರಿಯೆಗೆ 17 ಮೀಟರ್, ಬ್ರೇಕಿಗೆ 23 ಮೀಟರ್, ಒಟ್ಟು 40 ಮೀಟರ್.

ಗಂಟೆಗೆ 80 ಕಿ.ಮೀ. ವೇಗದಲ್ಲಿ: ಪ್ರತಿಕ್ರಿಯೆಗೆ 22 ಮೀಟರ್, ಬ್ರೇಕಿಗೆ 41 ಮೀಟರ್, ಒಟ್ಟು 63 ಮೀಟರ್.

ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುವುದನ್ನು ಇಲ್ಲಿ ಗಮನಿಸಬಹುದು. ಇದರಿಂದ ಹೊರಡುವ ಇನ್ನೊಂದು ಲೆಕ್ಕ ಹೆಚ್ಚು ಗಂಭೀರವಾದದ್ದು. 40 ಮೀಟರ್ ಮುಂದೆ ಎಮ್ಮೆಯೊಂದು ರಸ್ತೆಗೆ ಅಡ್ಡ ನಿಂತಿದೆಯೆನ್ನೋಣ. 60 ಕಿ.ಮೀ. ವೇಗದಲ್ಲಿದ್ದವನು ಅದರ ಮುಂದೆ ಬಂದು ನಿಲ್ಲುತ್ತಾನೆ. 80 ಕಿ.ಮೀ. ವೇಗದಲ್ಲಿದ್ದವನು ಅಷ್ಟೇ ಚುರುಕಾಗಿ ಬ್ರೇಕ್ ಹಾಕಿದರೂ ಆ ಸ್ಥಳವನ್ನು ತಲುಪುವಾಗ ಅವನ ವೇಗ ಇನ್ನೂ 60 ಕಿ.ಮೀ. ಇರುತ್ತದೆ. ಒಬ್ಬ ನಿಂತು ನಿಟ್ಟುಸಿರು ಬಿಡುವ ಜಾಗದಲ್ಲಿ ಇನ್ನೊಬ್ಬ 60ರ ವೇಗದಲ್ಲಿ ಡಿಕ್ಕಿ ಹೊಡೆಯುತ್ತಾನೆ.

ಹಿಂದಿನ ಬ್ರೇಕನ್ನು ಮಾತ್ರ ಬಳಸಿದರೆ ಬ್ರೇಕಿನ ದೂರ ಸುಮಾರು ಎರಡರಷ್ಟಾಗುತ್ತದೆ. ಕಾರಣ ಸರಳ. ವೇಗ ಇಳಿಯುವಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರ ಹಗುರವಾಗಿ ಜಾರುತ್ತದೆ, ಮುಂದಿನ ಚಕ್ರ ನೆಲವನ್ನು ಬಿಗಿಯಾಗಿ ಕಚ್ಚುತ್ತದೆ. ಮುಂದಿನ ಬ್ರೇಕನ್ನು ಒಮ್ಮೆಲೇ ಜಗ್ಗದೆ, ಮೊದಲು ಮೃದುವಾಗಿ ಹಿಡಿದು ಭಾರ ಮುಂದಕ್ಕೆ ಬಂದ ಮೇಲೆ ಗಟ್ಟಿಗೊಳಿಸುವುದು ಸರಿಯಾದ ಕ್ರಮ. ಮಣ್ಣು, ಜಲ್ಲಿ, ಸಗಣಿ, ಕೆಸರು ಇರುವಲ್ಲಿ, ಬೈಕು ವಾಲಿರುವಾಗ ಈ ಒತ್ತಡ ತೀರಾ ಹಗುರವಾಗಿರಬೇಕು.

ತಿರುವಿನ ಗುಟ್ಟು

ಬೈಕು ತಿರುಗುವ ಬಗೆಯನ್ನು ಸವಾರರು ದಿನವೂ ಬಳಸುತ್ತಾರೆ, ಆದರೆ ಬಲ್ಲವರು ವಿರಳ. ನಿಧಾನ ವೇಗದಲ್ಲಿ ಹ್ಯಾಂಡಲನ್ನು ಯಾವ ಕಡೆಗೆ ತಿರುಗಿಸುತ್ತೇವೆಯೋ ಆ ಕಡೆಗೆ ಬೈಕು ಹೋಗುತ್ತದೆ. ವೇಗ ಏರಿದ ಮೇಲೆ ಲೆಕ್ಕ ಬೇರೆ. ಎಡಕ್ಕೆ ಹೋಗಬೇಕಾದರೆ ಹ್ಯಾಂಡಲಿನ ಎಡ ಹಿಡಿಯನ್ನು ಮುಂದಕ್ಕೆ ಮೆಲ್ಲನೆ ಒತ್ತಬೇಕು. ಆಗ ಮುಂದಿನ ಚಕ್ರ ಕ್ಷಣಕಾಲ ಬಲಕ್ಕೆ ಹೊರಳಿ, ಬೈಕು ಎಡಕ್ಕೆ ವಾಲಿ, ಎಡಕ್ಕೇ ತಿರುಗುತ್ತದೆ. ಇದನ್ನು ಕೌಂಟರ್ ಸ್ಟೀರಿಂಗ್ ಎನ್ನುತ್ತಾರೆ.

ಸಾಮಾನ್ಯ ಸಮಯದಲ್ಲಿ ಕೈಗಳು ಇದನ್ನು ತಿಳಿಯದೆಯೇ ಮಾಡುತ್ತವೆ. ಅಪಾಯ ಎದುರಾದಾಗ ಮಾತ್ರ ತಿಳಿಯದ ವಿದ್ಯೆ ಕೈಕೊಡುತ್ತದೆ. ಎದುರಿನ ಎತ್ತಿನಗಾಡಿಯನ್ನು ತಪ್ಪಿಸಲು ಎಡಕ್ಕೆ ಹೋಗಬೇಕಾದವನು ಗಾಬರಿಯಲ್ಲಿ ಹ್ಯಾಂಡಲನ್ನು ಎಡಕ್ಕೆ ಎಳೆದರೆ ಬೈಕು ಬಲಕ್ಕೆ, ಗಾಡಿಯತ್ತಲೇ ವಾಲುತ್ತದೆ. ಖಾಲಿ ರಸ್ತೆಯಲ್ಲಿ 30-40 ಕಿ.ಮೀ. ವೇಗದಲ್ಲಿ ಒಂದೊಂದು ಹಿಡಿಯನ್ನು ಮೆಲ್ಲಗೆ ಒತ್ತಿ ಬೈಕು ಹೇಗೆ ವಾಲುತ್ತದೆ ಎಂದು ಗಮನಿಸಿದರೆ ಪುಸ್ತಕದ ಪುಟ ಕೈಗೆ ಇಳಿಯುತ್ತದೆ.

ಋತುಮಾನದ ಅಪಾಯಗಳು

ಯಾವ ಪುಸ್ತಕವೂ ಹೇಳದ, ಸ್ಥಳೀಯರು ಮಾತ್ರ ಬರೆದುಕೊಳ್ಳಬಹುದಾದ ಅಧ್ಯಾಯವಿದು. ಮುಂಗಾರಿನ ಮೊದಲ ಮಳೆಯಲ್ಲಿ ಡಾಂಬರಿನ ಮೇಲೆ ಕುಳಿತ ಎಣ್ಣೆ, ಧೂಳು ಸೇರಿ ಜಾರುಪದರವಾಗುತ್ತವೆ. ನಾಟಿಯ ದಿನಗಳಲ್ಲಿ ಗದ್ದೆಯಿಂದ ಬಂದ ಟ್ರ್ಯಾಕ್ಟರ್ ಚಕ್ರಗಳು ರಸ್ತೆಯುದ್ದಕ್ಕೂ ಕೆಸರು ಚೆಲ್ಲುತ್ತವೆ. ಆಷಾಢ-ಶ್ರಾವಣಗಳಲ್ಲಿ ಹೊಂಡ ಯಾವುದು, ನೀರು ನಿಂತ ರಸ್ತೆ ಯಾವುದು ಎಂದು ತಿಳಿಯದು.

ಸುಗ್ಗಿಯ ಕಾಲದಲ್ಲಿ ಮೆಕ್ಕೆಜೋಳವನ್ನು ರಸ್ತೆಯ ಮೇಲೆ ಒಣಗಲು ಹರವುವುದು, ಹುರುಳಿ-ರಾಗಿಗಳನ್ನು ಒಕ್ಕಣೆಗೆ ಹಾಕುವುದು ಇನ್ನೂ ನಿಂತಿಲ್ಲ. ದುಂಡಗಿನ ಕಾಳಿನ ಮೇಲೆ ಬ್ರೇಕ್ ಹಾಕಿದ ಬೈಕು ಗೋಲಿಗಳ ಮೇಲೆ ಜಾರಿದಂತೆ ಜಾರುತ್ತದೆ. ಅಂಥ ಕಡೆ ಮೊದಲೇ ವೇಗ ಇಳಿಸಿ, ಹ್ಯಾಂಡಲನ್ನು ನೇರವಾಗಿಟ್ಟು, ಬ್ರೇಕ್ ಮುಟ್ಟದೆ ದಾಟಬೇಕು. ದೀಪಾವಳಿಯಿಂದ ಆರಂಭವಾಗುವ ಹೋರಿ ಹಬ್ಬಗಳ ದಿನಗಳಲ್ಲಿ ಊರೂರಿನ ಯುವಕರು ಗುಂಪಾಗಿ ಬೈಕುಗಳಲ್ಲಿ ಹೊರಡುತ್ತಾರೆ. ಜೊತೆಗಾರರ ವೇಗಕ್ಕೆ ತನ್ನ ವೇಗವನ್ನು ಹೊಂದಿಸುವ ಚಪಲವೇ ಆಗ ದೊಡ್ಡ ಅಪಾಯ. ಚಳಿಗಾಲದ ಬೆಳಗು ಕೆರೆಯ ಬದಿಗಳಲ್ಲಿ ಮಂಜು ಕವಿಯುತ್ತದೆ. ರಾತ್ರಿಯಲ್ಲಿ ಹಿಂಬದಿಯ ದೀಪವಿಲ್ಲದ ಟ್ರೇಲರ್ ಎದುರಾಗಬಹುದು.

ತನ್ನನ್ನು ತಾನು ಓದುವುದು

ಪುಸ್ತಕ ತಿಳಿವಳಿಕೆ ಕೊಡುತ್ತದೆ. ತಿಳಿವಳಿಕೆ ಸ್ವಭಾವವಾಗಬೇಕಾದರೆ ಆತ್ಮಾವಲೋಕನ ಬೇಕು. ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1983ರಲ್ಲಿ ಪ್ರಕಟಿಸಿದ ‘ದಿ ರಿಫ್ಲೆಕ್ಟಿವ್ ಪ್ರಾಕ್ಟೀಷನರ್’ ಕೃತಿಯಲ್ಲಿ ಕೆಲಸ ಮಾಡುತ್ತಿರುವಾಗಿನ ಚಿಂತನೆ, ಕೆಲಸ ಮುಗಿದ ಮೇಲಿನ ಚಿಂತನೆ ಎಂಬ ಎರಡು ಬಗೆಗಳನ್ನು ಗುರುತಿಸಿದರು. ಬೈಕಿನ ಮೇಲೆ ಮೊದಲನೆಯದಕ್ಕೆ ಸಮಯ ಕಡಿಮೆ. ಎರಡನೆಯದಕ್ಕೆ ಬೈಕು ನಿಲ್ಲಿಸಿದ ನಂತರದ ಐದು ನಿಮಿಷ ಸಾಕು.

ಆತ್ಮಾವಲೋಕನ ಏಕೆ ಅನಿವಾರ್ಯ ಎಂಬುದಕ್ಕೆ ಸ್ವೀಡನ್ನಿನ ಓಲಾ ಸ್ವೆನ್ಸನ್ 1981ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ. ಪ್ರಶ್ನೆಗೆ ಉತ್ತರಿಸಿದ ಅಮೆರಿಕದವರಲ್ಲಿ ಶೇ. 93ರಷ್ಟು, ಸ್ವೀಡನ್ನಿನವರಲ್ಲಿ ಶೇ. 69ರಷ್ಟು ಜನ ಚಾಲನಾ ಕೌಶಲದಲ್ಲಿ ತಾವು ಮೇಲಿನ ಅರ್ಧದವರೆಂದು ಹೇಳಿಕೊಂಡಿದ್ದರು. ಎಲ್ಲರೂ ಸರಾಸರಿಗಿಂತ ಉತ್ತಮರಾಗಲು ಗಣಿತ ಒಪ್ಪದು. ‘ಹದಿನೈದು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ’ ಎಂಬ ಮಾತು ಅನುಭವಕ್ಕೆ ಸಾಕ್ಷಿಯಾದೀತು, ಕಲಿಕೆಗೆ ಸಾಕ್ಷಿಯಲ್ಲ.

1999ರಲ್ಲಿ ಯುರೋಪಿನ ಚಾಲನಾ ಶಿಕ್ಷಣ ಯೋಜನೆಯೊಂದರ ಭಾಗವಾಗಿ ಫಿನ್ಲೆಂಡಿನ ಸಂಶೋಧಕರು ಚಾಲಕನ ಕಲಿಕೆಯನ್ನು ನಾಲ್ಕು ಮಟ್ಟಗಳಲ್ಲಿ ವಿಂಗಡಿಸಿದರು. ಕೆಳಗಿನದು ವಾಹನ ನಿಯಂತ್ರಣ. ಅದರ ಮೇಲೆ ಸಂಚಾರದ ಸನ್ನಿವೇಶಗಳ ನಿರ್ವಹಣೆ. ಮೂರನೆಯದು ಪ್ರಯಾಣದ ಉದ್ದೇಶ ಮತ್ತು ಸಂದರ್ಭ: ಏಕೆ, ಯಾವಾಗ, ಯಾರೊಡನೆ, ಯಾವ ಮನಃಸ್ಥಿತಿಯಲ್ಲಿ ಹೊರಟದ್ದು. ಎಲ್ಲಕ್ಕಿಂತ ಮೇಲಿನದು ಬದುಕಿನ ಗುರಿ, ಸ್ವಭಾವ. ಮೇಲಿನ ಮಟ್ಟಗಳು ಕೆಳಗಿನವನ್ನು ಆಳುತ್ತವೆ ಎಂಬುದು ಈ ವಿಂಗಡಣೆಯ ಸಾರ. ಮನೆಯಲ್ಲಿ ಜಗಳವಾಡಿ ಹೊರಟವನ ಬಲಗೈ ಆಕ್ಸಿಲರೇಟರನ್ನು ಬೇರೆ ರೀತಿ ತಿರುಗಿಸುತ್ತದೆ.

ಒಳಗನ್ನು ನೋಡಿಕೊಳ್ಳುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುವಿನ ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲ್ಲೂಕಿನವು. ಹನ್ನೆರಡನೆಯ ಶತಮಾನದ ಶರಣರು ಅರಿವಿಗೆ ಕೊಟ್ಟ ಮಹತ್ವ ಆಧ್ಯಾತ್ಮಿಕವಾದದ್ದು, ಅದನ್ನು ಬೈಕಿನ ಪಾಠಕ್ಕೆ ಇಳಿಸುವುದು ತರವಲ್ಲ. ಆದರೆ ತನ್ನ ದೋಷವನ್ನು ತಾನೇ ಕಾಣಬೇಕೆಂಬ ಮಾತು ಇಲ್ಲಿಯ ಓದುಗರಿಗೆ ವಿದೇಶಿ ವಿಚಾರವೆಂದು ತೋರಬೇಕಾಗಿಲ್ಲ.

ಸವಾರಿಯ ದಿನಚರಿ

ಆತ್ಮಾವಲೋಕನಕ್ಕೆ ಸುಲಭವಾದ ಸಾಧನ ನೂರು ಪುಟದ ಒಂದು ನೋಟ್ ಪುಸ್ತಕ. ಪ್ರತಿ ದೀರ್ಘ ಸವಾರಿಯ ನಂತರ ಈ ಪ್ರಶ್ನೆಗಳಿಗೆ ಉತ್ತರ ಬರೆಯಬಹುದು:

1. ಇಂದು ಎಷ್ಟು ಬಾರಿ ಹಠಾತ್ ಬ್ರೇಕ್ ಹಾಕಬೇಕಾಯಿತು? ಆ ಅಪಾಯವನ್ನು ಎಷ್ಟು ಮುಂಚೆ ಕಾಣಬಹುದಾಗಿತ್ತು?

2. ಯಾವ ತಿರುವಿನಲ್ಲಿ ಬೈಕು ಅಂದುಕೊಂಡ ಗೆರೆಯಿಂದ ಹೊರಹೋಯಿತು? ಒಳಹೊಕ್ಕ ವೇಗ ಹೆಚ್ಚಾಗಿತ್ತೇ, ಕಣ್ಣು ಬೇರೆಡೆ ಇತ್ತೇ?

3. ಹೊರಡುವಾಗ ಮನಸ್ಸಿನಲ್ಲಿ ಅವಸರ, ಕೋಪ, ದಣಿವು, ನಿದ್ರೆ ಇದ್ದವೇ?

4. ಯಾರನ್ನಾದರೂ ಹಿಂದಿಕ್ಕಲೇಬೇಕೆಂದು ಹಿಂದಿಕ್ಕಿದ್ದುಂಟೇ? ಅದರಿಂದ ಉಳಿದ ಸಮಯವೆಷ್ಟು?

5. ಹಿಂದೆ ಕುಳಿತವರಿಗೆ ಭಯವಾಯಿತೇ?

ಕೊನೆಯ ಪ್ರಶ್ನೆಗೆ ಉತ್ತರವನ್ನು ಸವಾರನೇ ಬರೆಯದೆ ಹಿಂದೆ ಕುಳಿತವರನ್ನು ಕೇಳಿ ಬರೆಯುವುದು ಉತ್ತಮ. ಬ್ರೇಕ್ ಹಾಕಿದಾಗಲೆಲ್ಲ ತಮ್ಮ ಕೈ ಸೀಟನ್ನು ಬಿಗಿಯಾಗಿ ಹಿಡಿಯಿತೇ ಎಂಬುದು ಅವರಿಗೆ ಗೊತ್ತಿರುತ್ತದೆ. ನಾಲ್ಕು ವಾರಗಳ ನಂತರ ಪುಟಗಳನ್ನು ತಿರುವಿದರೆ ಒಂದೇ ತಪ್ಪು, ಒಂದೇ ಸ್ಥಳ, ಒಂದೇ ಹೊತ್ತು ಮರುಕಳಿಸುವುದು ಕಂಡೀತು. ತಿದ್ದಿಕೊಳ್ಳಬೇಕಾದ್ದು ಅದನ್ನೇ.

ಓದಿನ ಮಿತಿ

ಈಜುವುದನ್ನು ದಡದ ಮೇಲೆ ಕುಳಿತು ಕಲಿಯಲಾಗದು. ಬ್ರೇಕಿನ ಅಧ್ಯಾಯವನ್ನು ಹತ್ತು ಬಾರಿ ಓದಿದರೂ ಬೆರಳಿಗೆ ಅದರ ಹದ ಬಾರದು. ವಾರಕ್ಕೆ ಒಂದು ಅಧ್ಯಾಯ ಓದಿ, ಅದರಲ್ಲಿ ಒಂದೇ ಸೂತ್ರವನ್ನು ಆರಿಸಿ, ವಾಹನ ಸಂಚಾರವಿಲ್ಲದ ಮೈದಾನದಲ್ಲಿ ಮೊದಲು 20, ಬಳಿಕ 30, ಆಮೇಲೆ 40 ಕಿ.ಮೀ. ವೇಗದಲ್ಲಿ ಅಭ್ಯಾಸ ಮಾಡುವುದು ಸುರಕ್ಷಿತ ಕ್ರಮ. ಹೆಲ್ಮೆಟ್, ಶೂ, ತೋಳು ಮುಚ್ಚುವ ಅಂಗಿ ಅಭ್ಯಾಸಕ್ಕೂ ಬೇಕು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ನಾರ್ವೆಯಲ್ಲಿ ಹೊಸ ಕಾರು ಚಾಲಕರಿಗೆ ಜಾರು ರಸ್ತೆಯ ಚಾಲನೆಯನ್ನು ಕಲಿಸಿದ ಬಳಿಕ ಯುವಕರ ಅಪಘಾತಗಳು ಕಡಿಮೆಯಾಗುವ ಬದಲು ಹೆಚ್ಚಿದ್ದು 1988ರ ಮೌಲ್ಯಮಾಪನದಲ್ಲಿ ಕಂಡುಬಂತು. ಕೌಶಲಕ್ಕಿಂತ ಆತ್ಮವಿಶ್ವಾಸ ಹೆಚ್ಚು ಬೆಳೆದದ್ದು ಇದಕ್ಕೆ ಕಾರಣವೆಂದು ತಜ್ಞರು ವಿವರಿಸಿದರು. ಪುಸ್ತಕ ಓದಿದ ಸವಾರನಿಗೂ ಈ ಅಪಾಯ ತಪ್ಪಿದ್ದಲ್ಲ. ಕಲಿತ ವಿದ್ಯೆಯನ್ನು ಇನ್ನಷ್ಟು ವೇಗಕ್ಕೆ ಖರ್ಚು ಮಾಡದೆ, ಅದೇ ವೇಗದಲ್ಲಿ ಹೆಚ್ಚು ಅವಕಾಶ ಉಳಿಸಿಕೊಳ್ಳಲು ಬಳಸಿದಾಗ ಮಾತ್ರ ಓದು ಸಾರ್ಥಕ.

ಕಾನೂನು ಮತ್ತು ರಕ್ಷಣೆ

1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟನ್ನು ಕಡ್ಡಾಯಗೊಳಿಸಿದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂಬ ನಿಯಮ 2016ರ ಜನವರಿಯಲ್ಲಿ ಜಾರಿಗೆ ಬಂತು. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟುಗಳ ಮಾರಾಟಕ್ಕೆ ಅವಕಾಶವಿಲ್ಲ. 2022ರ ಕೇಂದ್ರ ವರದಿಯಂತೆ ಹೆಲ್ಮೆಟ್ ಧರಿಸದೆ ಮೃತಪಟ್ಟವರು 50,029 ಮಂದಿ. ಅವರಲ್ಲಿ 14,337 ಜನ ಹಿಂದೆ ಕುಳಿತವರು. ಕೊರಳ ಪಟ್ಟಿ ಬಿಗಿಯದ ಹೆಲ್ಮೆಟ್ ಬಿದ್ದ ಕ್ಷಣವೇ ಹಾರಿಹೋಗುತ್ತದೆ ಎಂಬುದನ್ನೂ ಮರೆಯಬಾರದು.

ಅಪಘಾತ ಕಂಡವರು 108ಕ್ಕೆ ಕರೆ ಮಾಡಬೇಕು. 2019ರ ತಿದ್ದುಪಡಿಯಿಂದ ಕಾಯ್ದೆಗೆ ಸೇರಿದ 134-ಎ ಕಲಮು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು, ವಿಳಾಸ ಕೊಡಲೇಬೇಕೆಂಬ ಒತ್ತಾಯವಿಲ್ಲ.

ಬೈಕು ಕೊಳ್ಳಲು ಒಂದು ಲಕ್ಷ ರೂಪಾಯಿ ಹೊಂದಿಸುವ ಕುಟುಂಬಗಳು ಸವಾರಿ ಕಲಿಯಲು ಒಂದು ಪುಸ್ತಕದ ಬೆಲೆಯನ್ನೂ, ವಾರಕ್ಕೆ ಒಂದು ಗಂಟೆಯನ್ನೂ ಮೀಸಲಿಡುವುದು ದೊಡ್ಡ ಹೊರೆಯಲ್ಲ. ಇಂಗ್ಲಿಷ್ ಬಲ್ಲ ಒಬ್ಬರು ಅಧ್ಯಾಯವೊಂದನ್ನು ಓದಿ ಮನೆಯವರಿಗೆ, ಗೆಳೆಯರಿಗೆ ಕನ್ನಡದಲ್ಲಿ ವಿವರಿಸಿದರೂ ಸಾಕು. ‘ಮುಂದಿನ ಬ್ರೇಕ್ ಮುಟ್ಟಬೇಡ’ ಎಂಬ ತಲೆಮಾರಿನ ತಪ್ಪು ಪಾಠ ಅಲ್ಲಿಗೆ ನಿಲ್ಲುತ್ತದೆ.